ಹೊಸ ತಂತ್ರಾಂಶದ ಪ್ರಕಟಣೆಯು ಮೊದಲು ಹೇಳಬೇಕಾದುದು

ಇತ್ತೀಚಿನ ವರ್ಷಗಳಲ್ಲಿ ಬೇಸಾಯಕ್ಕೂ ಜಮೀನಿಗೂ ಸಂಬಂಧಪಟ್ಟ ಸರ್ಕಾರದ ಕೆಲಸಗಳು ಬಹುಮಟ್ಟಿಗೆ ತಂತ್ರಾಂಶಗಳ ಮೂಲಕವೇ ನಡೆಯುತ್ತಿರುವುದು ವಾಚಕ ಮಹಾಶಯರಿಗೆ ಅನುಭವದಿಂದ ತಿಳಿದ ವಿಷಯವಾಗಿದೆ. ಪಹಣಿಯನ್ನು ಪಡೆಯುವುದಕ್ಕೆ ‘ಭೂಮಿ’, ಅಳತೆಗೆ ಅರ್ಜಿ ಕೊಡುವುದಕ್ಕೆ ‘ಮೋಜಿಣಿ’, ರೈತರ ನೋಂದಣಿಗೆ ‘ಫ್ರೂಟ್ಸ್’, ಬೆಳೆ ವಿಮೆಗೆ ‘ಸಂರಕ್ಷಣೆ’, ಹೊಲದಲ್ಲಿರುವ ಬೆಳೆಯನ್ನು ದಾಖಲಿಸುವುದಕ್ಕೆ ‘ಬೆಳೆ ಸಮೀಕ್ಷೆ’, ನಿಂತ ಜಾಗದ ಸರ್ವೆ ನಂಬರನ್ನು ತಿಳಿಯುವುದಕ್ಕೆ ‘ದಿಶಾಂಕ್’, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ತಂತ್ರಾಂಶವು ಏರ್ಪಟ್ಟಿದೆ. ಇವುಗಳಿಂದ ಆಗಿರುವ ಅನುಕೂಲವು ಅಲ್ಪವಾದುದಲ್ಲ. ಆದರೆ ಹೊಸದೊಂದು ತಂತ್ರಾಂಶವನ್ನು ಜನರಿಗೆ ಪ್ರಕಟಪಡಿಸುವ ಕ್ರಮದಲ್ಲಿ ಒಂದು ದೊಡ್ಡ ಕೊರತೆಯುಂಟೆಂಬುದು ನಮ್ಮ ಅಭಿಪ್ರಾಯ. ಆ ಕೊರತೆಯನ್ನೂ ಅದರಿಂದ ರೈತರಿಗೆ ಆಗುವ ನಷ್ಟವನ್ನೂ ಅದನ್ನು ಸರಿಪಡಿಸುವುದರಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಬಹುದಾದ ಸಹಾಯವನ್ನೂ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಹೊಸ ತಂತ್ರಾಂಶದ ಪ್ರಕಟಣೆಯು ಸಾಮಾನ್ಯವಾಗಿ ಹೇಗಿರುತ್ತದೆಂಬುದನ್ನು ಮೊದಲು ನೋಡೋಣ. ಅದರ ಹೆಸರನ್ನೂ ಅದನ್ನು ಉದ್ಘಾಟಿಸಿದವರ ಹೆಸರನ್ನೂ ದೊಡ್ಡ ಅಕ್ಷರಗಳಲ್ಲಿ ಹೇಳಿರುತ್ತದೆ. ಅದು ಅತ್ಯಾಧುನಿಕವಾದುದೆಂದೂ ಪಾರದರ್ಶಕವಾದುದೆಂದೂ ಇನ್ನು ಮೇಲೆ ಸಕಲ ಸೇವೆಯೂ ಬೆರಳ ತುದಿಯಲ್ಲಿ ದೊರೆಯುವುದೆಂದೂ ಬರೆದಿರುತ್ತದೆ. ಅದನ್ನು ಓದಿ ಮುಗಿಸಿದ ಬೇಸಾಯಗಾರನಿಗೆ ತಾನು ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು, ಮಾಡದಿದ್ದರೆ ಏನಾಗುವುದು, ಮಾಡಿದ ಮೇಲೆ ಕೈಗೆ ಏನು ಬರುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವು ದೊರೆಯುವುದು ಅಪೂರ್ವ. ತಂತ್ರಾಂಶವು ಒಳ್ಳೆಯದೆಂಬುದು ಅವನಿಗೆ ತಿಳಿಯಿತು. ಅದು ಮಾಡುವ ಕೆಲಸವು ಮಾತ್ರ ತಿಳಿಯದೆ ಹೋಯಿತು.

ನದಿಯ ನೀರಿನ ಸೂಚನೆ

ನಮ್ಮ ಗಾಜನೂರಿನಲ್ಲಿಯೇ ಒಳ್ಳೆಯ ಪ್ರಕಟಣೆಯ ಮಾದರಿಯೊಂದು ಪ್ರತಿ ಮಳೆಗಾಲದಲ್ಲಿಯೂ ದೊರೆಯುತ್ತದೆ. ಇಲ್ಲಿಯ ತುಂಗಾ ಜಲಾಶಯದ ಗರಿಷ್ಠ ಮಟ್ಟವು 588.24 ಮೀಟರು. ಜಲಾಶಯವು ಚಿಕ್ಕದಾದುದರಿಂದ ಮೇಲ್ಗಡೆಯ ಮಲೆನಾಡಿನಲ್ಲಿ ಮುಂಗಾರು ಬಲವಾದೊಡನೆ ಬೇಗನೆ ತುಂಬುತ್ತದೆ. ಬಾಗಿಲುಗಳನ್ನು ಎತ್ತಿ ನೀರನ್ನು ನದಿಗೆ ಬಿಡಬೇಕಾಗುತ್ತದೆ. ಆಗ ಹೊರಡುವ ಸೂಚನೆಯಲ್ಲಿ ಜಲಾಶಯದ ವರ್ಣನೆಯಿರುವುದಿಲ್ಲ. ಒಳಹರಿವು ಇಷ್ಟು, ಹೊರಕ್ಕೆ ಬಿಡುವ ನೀರು ಇಷ್ಟು, ನದೀತೀರದವರು ನೀರಿಗೆ ಇಳಿಯಕೂಡದು, ದನಕರುಗಳನ್ನು ದಡಕ್ಕೆ ಬಿಡಕೂಡದು ಎಂದು ಮಾತ್ರ ಇರುತ್ತದೆ. ಕೆಳಗೆ ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವು ಮುಳುಗಿತೇ ಎಂದು ನೋಡಿ ಹೊಳೆಯ ಏರಿಕೆಯನ್ನು ಅಳೆಯುವ ಜನರಿಗೆ ಈ ಸೂಚನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಎತ್ತಿದರೆ ಏನಾಗುತ್ತದೆ, ತಾವು ಏನು ಮಾಡಬೇಕು ಎಂಬುದು ಕೇಳಿದೊಡನೆ ತಿಳಿಯುತ್ತದೆ. ತಂತ್ರಾಂಶದ ಪ್ರಕಟಣೆಯೂ ಈ ಬಗೆಯದಾಗಿರಬೇಕೆಂಬುದೇ ನಮ್ಮ ವಾದದ ಸಾರ.

ಭೂಮಿ ಯೋಜನೆಯು ಬೇಗ ಮನಸ್ಸಿಗೆ ಹತ್ತಿದುದರ ಕಾರಣ

ನಮ್ಮ ರಾಜ್ಯದಲ್ಲಿ ರೈತರ ಮನೆಮನೆಗೂ ಮುಟ್ಟಿದ ಮೊದಲನೆಯ ತಂತ್ರಾಂಶವು ‘ಭೂಮಿ’ ಎಂದರೆ ತಪ್ಪಾಗದು. ರಾಷ್ಟ್ರೀಯ ಮಾಹಿತಿ ಕೇಂದ್ರದವರು ಸಿದ್ಧಪಡಿಸಿದ ಈ ತಂತ್ರಾಂಶವು 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ನಡೆಯುತ್ತಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಅದರಲ್ಲಿ ಸೇರಿದವು. ಅದಕ್ಕೆ ಮುಂಚೆ ಪಹಣಿಗಳು ಸುಮಾರು 9,000 ಮಂದಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದು, ನಕಲು ಬೇಕಾದವರು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು.

ಭೂಮಿಯ ಕೆಲಸವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಬಹುದಾಗಿತ್ತು: ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸರ್ವೆ ನಂಬರನ್ನು ಹೇಳಿ 15 ರೂಪಾಯಿ ಕೊಟ್ಟರೆ ಪಹಣಿಯ ನಕಲು ದೊರೆಯುವುದು, ಇನ್ನು ಮೇಲೆ ಕೈಬರಹದ ಪಹಣಿಯು ಸಲ್ಲದು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳತಕ್ಕದ್ದೆಂಬ ನಿಯಮವೂ, ದಾಖಲೆಯನ್ನು ತಿದ್ದುವ ಅಧಿಕಾರಿಯು ಬೆರಳಿನ ಗುರುತನ್ನು ಕೊಟ್ಟೇ ಒಳಹೋಗಬೇಕೆಂಬ ಕಟ್ಟುಪಾಡೂ ಅದರಲ್ಲಿ ಇದ್ದವು. ಅಕ್ಷರ ಬಾರದವರಿಗೂ ಮೊದಲನೆಯ ಮಾತು ಅರ್ಥವಾಯಿತು. ಶುಲ್ಕ ಎಷ್ಟು, ಎಲ್ಲಿ ಕೊಡಬೇಕು, ಏನು ಬರುತ್ತದೆ ಎಂಬುದು ಗೊತ್ತಿದ್ದವನನ್ನು ಮಧ್ಯವರ್ತಿಯು ಮೋಸಗೊಳಿಸುವುದು ಕಷ್ಟ.

ಆದರೂ ಅಲ್ಲಿ ಒಂದು ಮಾತು ಜನರಿಗೆ ಸಾಕಷ್ಟು ತಿಳಿಯದೆ ಉಳಿಯಿತು. ಗಣಕಯಂತ್ರವು ಪುಸ್ತಕದಲ್ಲಿ ಇದ್ದುದನ್ನೇ ಎತ್ತಿಟ್ಟುಕೊಂಡಿತೇ ಹೊರತು ಅದರಲ್ಲಿದ್ದ ತಪ್ಪನ್ನು ತಾನಾಗಿ ತಿದ್ದಲಿಲ್ಲ. ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದ ಖಾತೆಯು ಪೌತಿ ಖಾತೆಯ ಅರ್ಜಿಯನ್ನು ಕೊಟ್ಟು ಬದಲಾಯಿಸಿಕೊಂಡ ಹೊರತು ಹಾಗೆಯೇ ಉಳಿಯಿತು. ಅಚ್ಚಾದ ಪಹಣಿಯು ಕೈಗೆ ಬಂದಾಗ ಎಲ್ಲವೂ ಸರಿಯಾಯಿತೆಂದು ನೆಮ್ಮದಿಗೊಂಡ ಕುಟುಂಬಗಳಿಗೆ ಈ ಬಾಕಿಯು ಮುಂದೆ ತೊಡಕಾಯಿತು. ಆ ತೊಡಕು ಮುಂದಿನ ಸಂಗತಿಯಲ್ಲಿ ಕಾಣುತ್ತದೆ.

ಫ್ರೂಟ್ಸ್ ಮತ್ತು ಬಿಟ್ಟುಹೋದ ಸರ್ವೆ ನಂಬರುಗಳು

‘ಫ್ರೂಟ್ಸ್’ ಎಂಬ ಹೆಸರನ್ನು ಕೇಳಿದ ರೈತನಿಗೆ ಹಣ್ಣಿನ ಬೆಳೆಗಾರರಿಗೆ ಸಂಬಂಧಿಸಿದ ಯಾವುದೋ ಯೋಜನೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಆ ಹೆಸರು ಇಂಗ್ಲಿಷಿನ ಕೆಲವು ಪದಗಳ ಮೊದಲಕ್ಷರಗಳಿಂದ ಆದುದು; ರೈತರ ನೋಂದಣಿ ಮತ್ತು ಏಕೀಕೃತ ಫಲಾನುಭವಿ ಮಾಹಿತಿ ವ್ಯವಸ್ಥೆ ಎಂದು ಅದರ ತಾತ್ಪರ್ಯ. ಈ ತಾತ್ಪರ್ಯವನ್ನು ಹೇಳಿದರೂ ಅದರ ಕೆಲಸವು ಸ್ಪಷ್ಟವಾಗುವುದಿಲ್ಲ. ಸರಳವಾಗಿ ಹೇಳುವುದಾದರೆ ಅದರ ಕೆಲಸವು ಇದು: ಒಬ್ಬ ಹಿಡುವಳಿದಾರನ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಮತ್ತು ಅವನ ಹೆಸರಿನಲ್ಲಿರುವ ಸರ್ವೆ ನಂಬರುಗಳನ್ನು ಒಂದೇ ಕಡೆ ಜೋಡಿಸಿ ಅವನಿಗೆ ಒಂದು ಗುರುತಿನ ಸಂಖ್ಯೆಯನ್ನು ಕೊಡುವುದು. ಸಹಾಯಧನ, ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆನಷ್ಟದ ಪರಿಹಾರ ಮುಂತಾದವುಗಳನ್ನು ಕೊಡುವಾಗ ಇಲಾಖೆಗಳು ಆ ಸಂಖ್ಯೆಯನ್ನೇ ನೋಡುತ್ತವೆ.

ಇದರಲ್ಲಿ ಮುಖ್ಯವಾದ ಮಾತು ಸರ್ವೆ ನಂಬರುಗಳದು. ಗುರುತಿನ ಸಂಖ್ಯೆಯು ಬಂದೊಡನೆ ಕೆಲಸವು ಮುಗಿಯಿತೆಂದು ತಿಳಿಯುವುದು ಸಹಜವಾಗಿದೆ. ಆದರೆ ಒಬ್ಬನಿಗೆ ನಾಲ್ಕು ಸರ್ವೆ ನಂಬರುಗಳಿದ್ದು ಎರಡನ್ನು ಮಾತ್ರ ಸೇರಿಸಿದ್ದರೆ ಉಳಿದ ಎರಡು ಆ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಿದಾಗ ಈ ವಿಷಯವು ಬಯಲಿಗೆ ಬಂದಿತು. ಪರಿಹಾರವನ್ನು ಫ್ರೂಟ್ಸ್ ದಾಖಲೆಯ ಆಧಾರದ ಮೇಲೆ ನೇರವಾಗಿ ಬ್ಯಾಂಕಿಗೆ ಹಾಕುವುದೆಂದು ಗೊತ್ತಾದುದರಿಂದ, ಬಿಟ್ಟುಹೋದ ಜಮೀನುಗಳನ್ನು ಕೂಡಲೇ ಸೇರಿಸಿಕೊಳ್ಳಬೇಕೆಂದು ರೈತರನ್ನು ಕೇಳಿಕೊಳ್ಳಬೇಕಾಯಿತು. ಮೊದಲ ಕಂತಾಗಿ 2,000 ರೂಪಾಯಿಗಳವರೆಗಿನ ಹಣವು 2024ರ ಆರಂಭದಲ್ಲಿ ಖಾತೆಗಳಿಗೆ ಹೋಯಿತು. ಬರದ ವರ್ಷದಲ್ಲಿ ಬೆಳೆಯ ಚಿಂತೆಯೇ ಸಾಲದೆಂಬಂತೆ ರೈತರು ಕಾಗದಪತ್ರಗಳನ್ನು ಹಿಡಿದು ಸಾಲುನಿಲ್ಲಬೇಕಾದುದು ಇಂಥ ಕಾಲದಲ್ಲಿಯೇ.

ನಷ್ಟದ ಪ್ರಮಾಣವನ್ನು ಒಂದು ಲೆಕ್ಕದಿಂದ ತೋರಿಸುವೆವು. 2022-23ರಿಂದ 2025-26ರವರೆಗಿನ ಕೇಂದ್ರ ಸರ್ಕಾರದ ಮಾನದಂಡದಲ್ಲಿ, ಬೆಳೆಯು ನೂರಕ್ಕೆ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದಾಗ, ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಎಂದೂ, ಒಬ್ಬರಿಗೆ ಎರಡು ಹೆಕ್ಟೇರುಗಳ ಮಿತಿಯೆಂದೂ ಗೊತ್ತುಮಾಡಲಾಗಿತ್ತು. ತುಂಗಾ ನಾಲೆಯ ಕೆಳಗೆ ಒಂದೊಂದು ಎಕರೆಯ ಎರಡು ತರಿ ಜಮೀನುಗಳುಳ್ಳ ಒಬ್ಬ ಸಣ್ಣ ಹಿಡುವಳಿದಾರನನ್ನು ಭಾವಿಸೋಣ. ಎರಡೂ ದಾಖಲಾಗಿದ್ದರೆ ಆ ದರದಲ್ಲಿ ಅವನಿಗೆ ಸುಮಾರು 13,600 ರೂಪಾಯಿ ಬರತಕ್ಕದ್ದು. ಒಂದೇ ದಾಖಲಾಗಿದ್ದರೆ ಸುಮಾರು 6,800 ರೂಪಾಯಿ. ಬೆಳೆ ಹೋದುದು ಎರಡು ಎಕರೆಯದು. ಪರಿಹಾರವು ಬರುವುದು ಒಂದು ಎಕರೆಗೆ. “ನಿಮ್ಮ ಹೆಸರಿನಲ್ಲಿರುವ ಪ್ರತಿಯೊಂದು ಸರ್ವೆ ನಂಬರನ್ನೂ ಸೇರಿಸತಕ್ಕದ್ದು, ಸೇರಿಸದ ಜಮೀನಿಗೆ ಪರಿಹಾರವು ಬರುವುದಿಲ್ಲ” ಎಂಬ ಒಂದು ವಾಕ್ಯವನ್ನು ಮೊದಲನೆಯ ದಿನವೇ ಕೇಳಿದವನು ಇಂಥ ನಷ್ಟಕ್ಕೆ ಈಡಾಗಲಾರನು.

ಮೇಲೆ ಹೇಳಿದ ಪೌತಿ ಖಾತೆಯ ತೊಡಕೂ ಇಲ್ಲಿಯೇ ಎದುರಾಗುತ್ತದೆ. ಫ್ರೂಟ್ಸ್ ತಂತ್ರಾಂಶವು ಮಾಲೀಕರ ಹೆಸರನ್ನು ಭೂಮಿಯಿಂದಲೇ ತೆಗೆದುಕೊಳ್ಳುವುದರಿಂದ, ತೀರಿಹೋದವರ ಹೆಸರಿನಲ್ಲಿ ಉಳಿದಿರುವ ಜಮೀನನ್ನು ಮಗನು ತನ್ನ ಸಂಖ್ಯೆಗೆ ಸೇರಿಸಿಕೊಳ್ಳಲಾರನು. ಹೆಂಡತಿಯ ಹೆಸರಿನಲ್ಲಿರುವ ತೋಟಕ್ಕೆ ಗಂಡನ ಸಂಖ್ಯೆಯು ಸಲ್ಲದು. ಆಕೆಯ ಹೆಸರಿನಲ್ಲಿಯೇ ಸಂಖ್ಯೆಯಿರಬೇಕು. ಒಂದೇ ಅಡುಗೆಮನೆಯ ಕುಟುಂಬವಾದರೂ ದಾಖಲೆಯು ಹೆಸರುಗಳನ್ನು ನೋಡುತ್ತದೆಯೇ ಹೊರತು ಕುಟುಂಬವನ್ನು ನೋಡುವುದಿಲ್ಲ.

ಬೆಳೆ ಸಮೀಕ್ಷೆಯೂ ಬೆಳೆ ವಿಮೆಯೂ

2020ನೆಯ ಇಸವಿಯ ಮುಂಗಾರಿನಿಂದ ರೈತರು ತಾವೇ ತಮ್ಮ ಬೆಳೆಯನ್ನು ಮೊಬೈಲಿನ ಆ್ಯಪ್ ಮೂಲಕ ದಾಖಲಿಸುವ ಏರ್ಪಾಡು ನಮ್ಮ ರಾಜ್ಯದಲ್ಲಿ ಬಂದಿದೆ. ಜಮೀನಿನೊಳಗೆ ನಿಂತು, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ನೀರಾವರಿಯ ವಿವರವನ್ನೂ ನಮೂದಿಸಿ, ಬೆಳೆಯ ಚಿತ್ರವನ್ನು ತೆಗೆದು ಕಳುಹಿಸಬೇಕು. ಫೋನು ತಾನಿರುವ ಸ್ಥಳವನ್ನು ಗುರುತಿಸುವುದರಿಂದ ಮನೆಯ ಜಗಲಿಯಲ್ಲಿ ಕುಳಿತು ಈ ಕೆಲಸವನ್ನು ಮಾಡಲಾಗುವುದಿಲ್ಲ. ರೈತನು ತಾನೇ ಮಾಡದಿದ್ದರೆ, ಗ್ರಾಮಕ್ಕೆ ನೇಮಕವಾದ ಖಾಸಗಿ ನಿವಾಸಿಯೆಂಬ ಯುವಕನು ಬಂದು ಮಾಡುತ್ತಾನೆ.

ಇಷ್ಟು ಹೇಳಿದರೆ ಇದೊಂದು ಸರ್ಕಾರದ ಅಂಕಿಅಂಶದ ಕೆಲಸವೆಂದು ಯಾರಿಗಾದರೂ ತೋರುವುದು. ಮಳೆಗಾಲದ ನಾಟಿಯ ಕೆಲಸವನ್ನು ಬಿಟ್ಟು ಸರ್ಕಾರದ ಲೆಕ್ಕಕ್ಕಾಗಿ ಫೋನು ಹಿಡಿದು ಗದ್ದೆಯ ಬದುವಿನಲ್ಲಿ ಏಕೆ ನಿಲ್ಲಬೇಕೆಂದು ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರವು ಹೀಗಿದೆ: ಈ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೇ ಪಹಣಿಯ ಬೆಳೆ ಕಾಲಂಗೆ ಹೋಗುತ್ತದೆ, ಬೆಂಬಲ ಬೆಲೆಯ ಖರೀದಿಯಲ್ಲಿಯೂ ಬೆಳೆನಷ್ಟದ ಪರಿಹಾರದಲ್ಲಿಯೂ ಅದನ್ನೇ ನೋಡುತ್ತಾರೆ, ವಿಮೆಗೆ ನೋಂದಾಯಿಸಿದ ಬೆಳೆಯನ್ನು ಅದರೊಡನೆಯೇ ತಾಳೆ ನೋಡುತ್ತಾರೆ. ವಿಮೆಯಲ್ಲಿ ಭತ್ತವೆಂದು ಬರೆಸಿ ಸಮೀಕ್ಷೆಯಲ್ಲಿ ಜೋಳವೆಂದೋ ಪಾಳುಬಿದ್ದ ನೆಲವೆಂದೋ ದಾಖಲಾಗಿದ್ದರೆ ಆ ವಿಮಾ ಪ್ರಸ್ತಾವನೆಯು ತಿರಸ್ಕೃತವಾಗುವ ಸಂಭವವಿದೆ. ಇಂಥ ತಾಳೆಯಾಗದ ಪ್ರಸ್ತಾವನೆಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರಗಳಲ್ಲಿ ಪ್ರಕಟಿಸಿ, ಆಕ್ಷೇಪಣೆಯಿದ್ದವರು ಆ ಬೆಳೆಯಿರುವ ಪಹಣಿಯನ್ನಾಗಲಿ, ಬೆಂಬಲ ಬೆಲೆಗೆ ಅಥವಾ ಎ.ಪಿ.ಎಂ.ಸಿ.ಯಲ್ಲಿ ಮಾರಿದ ರಸೀದಿಯನ್ನಾಗಲಿ ಗೊತ್ತಾದ ದಿನದೊಳಗೆ ತಂದು ತೋರಿಸಬೇಕೆಂದು ಪ್ರಕಟಣೆಯು ಹೊರಡುವುದನ್ನು ವಾಚಕರು ನೋಡಿರಬಹುದು. ಆ ಹೊತ್ತಿಗೆ ಹೊಲದಲ್ಲಿ ಬೆಳೆಯಿರುವುದಿಲ್ಲ. ಕಟಾವಾಗಿ ತಿಂಗಳುಗಳೇ ಕಳೆದಿರುತ್ತವೆ. ಬೆಳೆಯು ನಿಂತಿದ್ದಾಗ ಹತ್ತು ನಿಮಿಷಗಳಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಸಾಕ್ಷ್ಯಗಳನ್ನು ಒಟ್ಟುಗೂಡಿಸಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಮತ್ತೊಂದು ವಿಶೇಷವುಂಟು. ಅಡಿಕೆ ತೋಟದಲ್ಲಿ ಅಡಿಕೆಯೊಂದೇ ಇರುವುದಿಲ್ಲ; ಮರಕ್ಕೆ ಹಬ್ಬಿದ ಕಾಳುಮೆಣಸು, ಸಾಲಿನ ನಡುವೆ ಬಾಳೆ ಇರುತ್ತವೆ. ಗದ್ದೆಯಲ್ಲಿ ಒಂದು ವರ್ಷ ಭತ್ತವಿದ್ದರೆ ಇನ್ನೊಂದು ವರ್ಷ ಶುಂಠಿಯಿರಬಹುದು. ಹೊರಗಿನಿಂದ ಬಂದ ಯುವಕನು ಅವಸರದಲ್ಲಿ ಒಂದೇ ಬೆಳೆಯನ್ನು ಬರೆದುಕೊಂಡು ಹೋದರೆ ಕಾಳುಮೆಣಸಿಗೆ ವಿಮೆ ಕಟ್ಟಿದವನಿಗೆ ತೊಂದರೆಯಾಗುವುದು. ಮಿಶ್ರ ಬೆಳೆಗಳನ್ನು ಒಂದೊಂದಾಗಿ ವಿಸ್ತೀರ್ಣದೊಡನೆ ನಮೂದಿಸಲು ಆ್ಯಪ್‌ನಲ್ಲಿ ಅವಕಾಶವಿದೆಯೆಂಬುದನ್ನು ಮಲೆನಾಡಿನ ಪ್ರಕಟಣೆಯು ವಿಶೇಷವಾಗಿ ಹೇಳಬೇಕು. ಬಯಲುಸೀಮೆಗೆ ಬರೆದ ಪ್ರಕಟಣೆಯನ್ನೇ ಇಲ್ಲಿಯೂ ಹಂಚಿದರೆ ಪೂರ್ಣ ಪ್ರಯೋಜನವಾಗದು.

ವಿಮೆಯ ವಿಷಯದಲ್ಲಿಯೂ ಹೇಳದೆ ಬಿಟ್ಟ ಮಾತುಗಳಿಂದಲೇ ಅಸಮಾಧಾನವು ಹೆಚ್ಚಿದೆ. ಮುಂಗಾರಿನ ಆಹಾರಧಾನ್ಯಕ್ಕೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ನೂರಕ್ಕೆ 5 ಎಂಬ ಮಿತಿಯೊಳಗೆ ರೈತನು ಕಂತನ್ನು ಕಟ್ಟುತ್ತಾನೆ. ಕಟ್ಟಿದವನು ತನ್ನ ಗದ್ದೆಯಲ್ಲಿ ನಷ್ಟವಾದರೆ ತನಗೆ ಹಣ ಬರುವುದೆಂದು ನಂಬುತ್ತಾನೆ. ಆದರೆ ಭತ್ತದಂಥ ಬೆಳೆಗೆ ಪರಿಹಾರವು ಸಾಮಾನ್ಯವಾಗಿ ಆ ವಿಮಾ ಘಟಕದಲ್ಲಿ ನಡೆಸಿದ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಇಳುವರಿಯ ಮೇಲೆ ನಿರ್ಧಾರವಾಗುತ್ತದೆ. ಅಡಿಕೆ, ಕಾಳುಮೆಣಸುಗಳ ಹವಾಮಾನಾಧಾರಿತ ವಿಮೆಯಲ್ಲಿ ಮಳೆಮಾಪಕ ಮೊದಲಾದವುಗಳಿಂದ ಬಂದ ಅಂಕಿಗಳೇ ಆಧಾರ. ಕೊಳೆರೋಗದಿಂದ ತೋಟವು ಹಾಳಾದರೂ ಅಂಕಿಗಳು ಗೊತ್ತಾದ ಮಿತಿಯನ್ನು ದಾಟದಿದ್ದರೆ ಹಣವು ಬಾರದು. ಆಲಿಕಲ್ಲು, ಭೂಕುಸಿತ ಮೊದಲಾದ ಸ್ಥಳೀಯ ವಿಕೋಪಗಳಿಗೆ ಬೇರೆ ನಿಯಮವಿದ್ದು, 72 ಗಂಟೆಗಳೊಳಗೆ ತಿಳಿಸತಕ್ಕದ್ದೆಂದಿದೆ. ಈ ಕ್ರಮವು ಸರಿಯೋ ತಪ್ಪೋ ಎಂಬ ಚರ್ಚೆಯು ಬೇರೆ. ಕಂತನ್ನು ತೆಗೆದುಕೊಳ್ಳುವ ಮುಂಚೆ ಇದನ್ನು ತಿಳಿಯಪಡಿಸುವುದು ಮಾತ್ರ ಚರ್ಚೆಗೆ ಅವಕಾಶವಿಲ್ಲದ ಕರ್ತವ್ಯವಾಗಿದೆ.

ಮಾಡದ ಕೆಲಸವನ್ನೂ ಹೇಳಬೇಕು

ತಂತ್ರಾಂಶವು ಯಾವ ಕೆಲಸವನ್ನು ಮಾಡುವುದಿಲ್ಲವೆಂಬುದನ್ನು ಹೇಳುವುದೂ ಅಷ್ಟೇ ಅವಶ್ಯಕ. ‘ದಿಶಾಂಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ತೆರೆದು ನಿಂತರೆ ನಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆಂಬುದನ್ನು ನಕ್ಷೆಯಲ್ಲಿ ತೋರಿಸುತ್ತದೆ. ಗೋಮಾಳವೋ ಕೆರೆಯ ಅಂಗಳವೋ ಹಿಡುವಳಿಯೋ ಎಂದು ಸ್ಥೂಲವಾಗಿ ತಿಳಿಯುವುದಕ್ಕೆ, ಕೊಳ್ಳಬೇಕೆಂದಿರುವ ಜಮೀನನ್ನು ನೋಡಿಬರುವುದಕ್ಕೆ ಅದು ಬಹಳ ಉಪಯುಕ್ತವಾದುದು. ಆದರೆ ಅದು ಬದುವಿನ ಗಡಿಯನ್ನು ನಿರ್ಣಯಿಸುವ ಸಾಧನವಲ್ಲ. ಫೋನಿನ ಗುರುತು ಕೆಲವು ಮೀಟರುಗಳಷ್ಟು ಆಚೀಚೆಯಾಗುವುದುಂಟು. ದಟ್ಟವಾದ ತೋಟದ ನೆರಳಿನಲ್ಲಿ ಇನ್ನೂ ಹೆಚ್ಚು. ಇದನ್ನು ಅರಿಯದೆ ನೆರೆಯವರಿಬ್ಬರು ಫೋನಿನ ಗೆರೆಯನ್ನು ನಂಬಿ ಬೇಲಿಯ ವಿಷಯದಲ್ಲಿ ಜಗಳಕ್ಕೆ ನಿಂತರೆ, ಅನುಕೂಲಕ್ಕಾಗಿ ಬಂದ ಸಾಧನವು ವ್ಯಾಜ್ಯಕ್ಕೆ ಕಾರಣವಾಗುವುದು. ಗಡಿ ಬೇಕಾದವರು ಮೋಜಿಣಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯರಿಂದ ಅಳೆಯಿಸತಕ್ಕದ್ದೆಂದು ಪ್ರಕಟಣೆಯು ಹೇಳಬೇಕು.

ಪ್ರಕಟಣೆಯಲ್ಲಿ ಇರತಕ್ಕ ಐದು ಅಂಶಗಳು

ಮೇಲ್ಕಂಡ ಸಂಗತಿಗಳಿಂದ, ಯಾವುದೇ ತಂತ್ರಾಂಶದ ಪ್ರಕಟಣೆಯಲ್ಲಿ ಈ ಕೆಳಗಿನ ಐದು ಅಂಶಗಳು ತಪ್ಪದೆ ಇರಬೇಕೆಂದು ನಾವು ಅಭಿಪ್ರಾಯಪಡುತ್ತೇವೆ.

1. ಮೊದಲನೆಯ ವಾಕ್ಯದಲ್ಲಿಯೇ ಅದು ಮಾಡುವ ಕೆಲಸ. ಹೆಸರೂ ಉದ್ಘಾಟನೆಯೂ ಅದರ ಅನಂತರ ಬರಲಿ.

2. ಯಾರು ಮಾಡಬೇಕು, ಏನೇನನ್ನು ಜೊತೆಯಲ್ಲಿ ತರಬೇಕು, ಶುಲ್ಕವೆಷ್ಟು. ಶುಲ್ಕವಿಲ್ಲದಿದ್ದರೆ ಇಲ್ಲವೆಂದೇ ಸ್ಪಷ್ಟವಾಗಿ ಹೇಳಬೇಕು.

3. ಕೊನೆಯ ದಿನ ಯಾವುದು, ಅದನ್ನು ಮೀರಿದರೆ ಆಗುವ ನಷ್ಟವೇನು.

4. ಅದು ಮಾಡದ ಕೆಲಸ ಯಾವುದು, ಆ ಕೆಲಸಕ್ಕೆ ಎಲ್ಲಿಗೆ ಹೋಗಬೇಕು.

5. ದಾಖಲೆಯಲ್ಲಿ ತಪ್ಪಾದರೆ ತಿದ್ದುವವರು ಯಾರು, ಅವರಿಗೆ ತಿಳಿಸುವ ಬಗೆ ಹೇಗೆ.

ಈ ಐದು ಅಂಶಗಳನ್ನು ಅನುಸರಿಸಿದರೆ ಬೆಳೆ ಸಮೀಕ್ಷೆಯ ಪ್ರಕಟಣೆಯು ಹೆಚ್ಚುಕಡಿಮೆ ಹೀಗಾಗುವುದು:

“ನಿಮ್ಮ ಜಮೀನಿನಲ್ಲಿ ಈ ಮುಂಗಾರಿನಲ್ಲಿ ಇರುವ ಬೆಳೆಯನ್ನು ನೀವೇ ಸರ್ಕಾರದ ದಾಖಲೆಗೆ ಸೇರಿಸುವುದಕ್ಕಾಗಿ ಈ ಆ್ಯಪ್ ಇದೆ. ಇಲ್ಲಿ ದಾಖಲಾದ ಬೆಳೆಯೇ ಪಹಣಿಗೆ ಹೋಗುವುದು. ವಿಮೆಗೂ ಪರಿಹಾರಕ್ಕೂ ಬೆಂಬಲ ಬೆಲೆಗೂ ಇದನ್ನೇ ನೋಡುವರು. ಈ ಹಂಗಾಮಿನ ಆ್ಯಪ್ ಅನ್ನು ಹೊಸದಾಗಿ ಇಳಿಸಿಕೊಳ್ಳಿರಿ. ಹಿಂದಿನ ಹಂಗಾಮಿನದು ನಡೆಯದು. ಪ್ರತಿಯೊಂದು ಸರ್ವೆ ನಂಬರಿನೊಳಗೂ ನಿಂತು ಚಿತ್ರ ತೆಗೆಯಬೇಕು. ತೋಟದಲ್ಲಿ ಮಿಶ್ರ ಬೆಳೆಯಿದ್ದರೆ ಒಂದೊಂದನ್ನೂ ನಮೂದಿಸಿರಿ. ಇಂಥ ದಿನವೇ ಕೊನೆಯ ದಿನ. ಫೋನು ಇಲ್ಲದವರೂ ಸಿಗ್ನಲ್ ಸಿಗದ ಗ್ರಾಮದವರೂ ಗ್ರಾಮದ ಖಾಸಗಿ ನಿವಾಸಿಯನ್ನು ಕರೆದುಕೊಂಡು ಹೋಗಿ ತಾವೂ ಜೊತೆಯಲ್ಲಿ ನಿಲ್ಲಬೇಕು. ಇದನ್ನು ಮಾಡಿದ ಮಾತ್ರಕ್ಕೆ ವಿಮೆಯಾಗುವುದಿಲ್ಲ. ವಿಮೆಯ ಕಂತನ್ನು ಬೇರೆ ಕಟ್ಟಬೇಕು. ದಾಖಲಾದುದನ್ನು ‘ಬೆಳೆ ದರ್ಶಕ’ದಲ್ಲಿ ನೋಡಿ, ತಪ್ಪಿದ್ದರೆ ಅದರಲ್ಲಿಯೇ ಆಕ್ಷೇಪಣೆಯನ್ನು ಸಲ್ಲಿಸಿರಿ.”

ಇದನ್ನು ಓದುವುದಕ್ಕೆ ಎರಡು ನಿಮಿಷಗಳು ಸಾಕು. ಗ್ರಾಮಸಭೆಯಲ್ಲಿ ಓದಬಹುದು, ಹಾಲಿನ ಡೇರಿಯ ಗೋಡೆಗೆ ಅಂಟಿಸಬಹುದು, ಹಿಂದಿನಂತೆ ಡಂಗುರವನ್ನೂ ಸಾರಬಹುದು. ತಮಟೆಯವನು ಕೇರಿಯಿಂದ ಕೇರಿಗೆ ಹೋಗಿ ಸಾರುತ್ತಿದ್ದ ಕಾಲದಲ್ಲಿ ಮಾತು ಚಿಕ್ಕದಾಗಿಯೂ ಸ್ಪಷ್ಟವಾಗಿಯೂ ಇರುತ್ತಿತ್ತು. ನಾಲೆಯ ನೀರನ್ನು ಯಾವ ದಿನ ಬಿಡುತ್ತಾರೆಂಬುದನ್ನು ಸಾರಿದರೆ, ಕೇಳಿದವನು ಅದರಂತೆ ಸಸಿಮಡಿಯ ಕೆಲಸವನ್ನು ಗೊತ್ತುಮಾಡಿಕೊಳ್ಳುತ್ತಿದ್ದನು.

ಆಕ್ಷೇಪಣೆಗಳಿಗೆ ಸಮಾಧಾನ

ಇದಕ್ಕೆ ಕೆಲವರು ಆಕ್ಷೇಪಣೆಗಳನ್ನು ಹೇಳಬಹುದು. ನಿಯಮಗಳು ವರ್ಷವರ್ಷವೂ ಬದಲಾಗುವುದರಿಂದ ಇಷ್ಟೊಂದು ವಿವರವನ್ನು ಕೊಟ್ಟರೆ ಮುಂದೆ ಗೊಂದಲವಾಗುವುದೆಂಬುದು ಒಂದು. ನಿಯಮವು ಬದಲಾದಾಗ ಆ ಬದಲಾವಣೆಯನ್ನೂ ಇದೇ ಕ್ರಮದಲ್ಲಿ ತಿಳಿಸುವುದೇ ಇದಕ್ಕೆ ಪರಿಹಾರ. ಕೊನೆಯ ದಿನವನ್ನು ಹಾಕದ ಪ್ರಕಟಣೆಯಿಂದ ಗೊಂದಲವು ಕಡಿಮೆಯಾಗುವುದಿಲ್ಲ. ಅದು ಕಚೇರಿಯಿಂದ ರೈತನ ಮನೆಗೆ ವರ್ಗವಾಗುತ್ತದೆ ಅಷ್ಟೆ.

ತಂತ್ರಾಂಶದ ಮಿತಿಗಳನ್ನು ಮೊದಲೇ ಹೇಳಿದರೆ ಜನರ ಉತ್ಸಾಹವು ಕುಗ್ಗುವುದೆಂಬುದು ಎರಡನೆಯ ಆಕ್ಷೇಪಣೆ. ನಮ್ಮ ರೈತರು ಇಂಥ ಮಿತಿಗಳಿಗೆ ಹೊಸಬರಲ್ಲ. ಗೊಬ್ಬರವು ಯಾವ ಭೂಮಿಗೆ ಹೊಂದುವುದಿಲ್ಲ, ಯಾವ ತಳಿಯು ಜೌಗನ್ನು ತಾಳುವುದಿಲ್ಲ ಎಂಬುದನ್ನು ಕೇಳಿಯೇ ಅವರು ಅದನ್ನು ಉಪಯೋಗಿಸುತ್ತಾರೆ. ಮಿತಿಯನ್ನು ಹೇಳಿದವನ ಮಾತಿನಲ್ಲಿ ಅವರಿಗೆ ನಂಬಿಕೆಯು ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಗ್ರಾಮ ಒನ್ ಕೇಂದ್ರದವರೋ ರೈತ ಸಂಪರ್ಕ ಕೇಂದ್ರದವರೋ ಎಲ್ಲವನ್ನೂ ಮಾಡಿಕೊಡುವಾಗ ರೈತನು ಇದನ್ನೆಲ್ಲ ಏಕೆ ತಿಳಿಯಬೇಕೆಂಬುದು ಮೂರನೆಯದು. ಗುಂಡಿಯನ್ನು ಒತ್ತುವ ಕೆಲಸವನ್ನು ಅವರು ಮಾಡಿಕೊಡಬಹುದು. ಆದರೆ ತೋಟದ ಮೂಲೆಯಲ್ಲಿ ಅಜ್ಜನ ಹೆಸರಿನಲ್ಲಿ ಉಳಿದಿರುವ ಹತ್ತು ಗುಂಟೆಯ ಸಂಗತಿಯು ಮನೆಯವರಿಗೆ ಮಾತ್ರ ಗೊತ್ತು. ಏನನ್ನು ಕೇಳಬೇಕೆಂಬುದೇ ತಿಳಿಯದವನಿಗೆ ಎಷ್ಟು ಸಮರ್ಥನಾದ ನೌಕರನೂ ಪೂರ್ಣವಾಗಿ ಸಹಾಯ ಮಾಡಲಾರನು.

ಗ್ರಾಮದ ಮುಖಂಡರು ಮಾಡಬಹುದಾದುದು

ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು 1963ರಲ್ಲಿ ಕೊನೆಗೊಂಡಿತು. ಆದರೆ ಗ್ರಾಮದಲ್ಲಿ ನಾಲ್ಕು ಜನರು ಯಾರ ಮಾತನ್ನು ಕೇಳುವರೋ ಅಂಥವರು ಇಂದಿಗೂ ಇದ್ದಾರೆ. ಪಂಚಾಯತಿಯ ಅಧ್ಯಕ್ಷರು, ಸಹಕಾರ ಸಂಘದ ನಿರ್ದೇಶಕರು, ದೊಡ್ಡ ಹಿಡುವಳಿಯ ಯಜಮಾನರು ಇವರೇ ಆ ಸ್ಥಾನದಲ್ಲಿದ್ದಾರೆ. ಇವರಲ್ಲಿ ನಮ್ಮ ವಿಜ್ಞಾಪನೆಗಳು ಮೂರು.

ಮೊದಲನೆಯದಾಗಿ, ಹೊಸ ತಂತ್ರಾಂಶದ ವಿಷಯವನ್ನು ತಿಳಿಸಲು ಅಧಿಕಾರಿಗಳು ಗ್ರಾಮಕ್ಕೆ ಬಂದಾಗ ಮೇಲೆ ಹೇಳಿದ ಐದು ಅಂಶಗಳನ್ನು ಒಂದೊಂದಾಗಿ ಕೇಳಿ ಉತ್ತರವನ್ನು ಬರೆದುಕೊಳ್ಳಬೇಕು. ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಅಧಿಕಾರಿಗೂ ತನ್ನ ಕೆಲಸದ ಸ್ಪಷ್ಟತೆಗೆ ಇದರಿಂದ ಸಹಾಯವೇ ಆಗುವುದು.

ಎರಡನೆಯದಾಗಿ, ತಮ್ಮ ಮನೆಯ ದಾಖಲೆಯನ್ನು ಸರಿಮಾಡಿಕೊಂಡು ಅಷ್ಟಕ್ಕೆ ನಿಲ್ಲದೆ, ತಮ್ಮ ಗದ್ದೆಯ ಕೆಳಗಿನ ಸಣ್ಣ ಹಿಡುವಳಿದಾರರ ಪಹಣಿಗಳನ್ನೂ ಒಮ್ಮೆ ನೋಡುವಂತೆ ಏರ್ಪಾಡು ಮಾಡಬೇಕು. ಎಲ್ಲ ಸರ್ವೆ ನಂಬರುಗಳೂ ಫ್ರೂಟ್ಸ್‌ನಲ್ಲಿ ಸೇರಿವೆಯೇ, ಪೌತಿ ಖಾತೆಯು ಬಾಕಿಯಿದೆಯೇ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬ ಮೂರು ವಿಚಾರಗಳನ್ನು ನೋಡಿದರೆ ಸಾಕು. ಗ್ರಾಮದ ಓದಿದ ಹುಡುಗರೂ ಹುಡುಗಿಯರೂ ಒಂದು ಭಾನುವಾರ ಕುಳಿತರೆ ಒಂದು ಕೇರಿಯ ಕೆಲಸವು ಮುಗಿಯುವುದು. ಬರವೋ ನೆರೆಯೋ ಬಂದ ಮೇಲೆ ಇದನ್ನು ಮಾಡುವುದಕ್ಕಿಂತ ನಾಟಿಗೆ ಮುಂಚಿನ ಬಿಡುವಿನಲ್ಲಿ ಮಾಡುವುದು ಲೇಸು.

ಮೂರನೆಯದಾಗಿ, ಪ್ರಕಟಣೆಯಲ್ಲಿ ಅರ್ಥವಾಗದ ಭಾಗವಿದ್ದರೆ ಅದನ್ನು ಇಲಾಖೆಗೆ ಬರೆದು ತಿಳಿಸಬೇಕು. “ಇದು ನಮಗೆ ತಿಳಿಯಲಿಲ್ಲ” ಎಂದು ಹತ್ತು ಗ್ರಾಮಗಳಿಂದ ಬರುವ ಹತ್ತು ಪತ್ರಗಳು ಮುಂದಿನ ಪ್ರಕಟಣೆಯನ್ನು ಖಂಡಿತವಾಗಿಯೂ ಉತ್ತಮಪಡಿಸುವುವು. ಜನರು ಸುಮ್ಮನಿದ್ದರೆ ಎಲ್ಲರಿಗೂ ತಿಳಿಯಿತೆಂದೇ ಕಚೇರಿಯಲ್ಲಿ ಭಾವಿಸುವರು.

ತಂತ್ರಾಂಶಗಳನ್ನು ಬರೆಯುವವರ ಶ್ರಮವೂ ಅವುಗಳಿಗೆ ವೆಚ್ಚವಾಗುವ ಸಾರ್ವಜನಿಕ ಹಣವೂ ಸಾರ್ಥಕವಾಗುವುದು ಅವು ಯಾರಿಗಾಗಿ ಆದುವೋ ಅವರಿಗೆ ಉಪಯೋಗವಾದಾಗ. ಮುಂದೆ ಇನ್ನೂ ಹಲವು ತಂತ್ರಾಂಶಗಳು ಬರಲಿವೆ. ಅವುಗಳ ಪ್ರಕಟಣೆಯನ್ನು ಬರೆಯುವ ಅಧಿಕಾರಿಗಳು ಹೆಸರನ್ನು ಬರೆಯುವುದಕ್ಕೆ ಮುಂಚೆ ಕೆಲಸವನ್ನು ಬರೆಯುವಂತಾಗಲಿ ಎಂದೂ, ಗ್ರಾಮದ ಮುಖಂಡರು ಅದನ್ನು ಕೇಳಿ ತಿಳಿದುಕೊಂಡು ಕೊನೆಯ ಮನೆಯವರೆಗೆ ಮುಟ್ಟಿಸುವಂತಾಗಲಿ ಎಂದೂ ಹಾರೈಸುತ್ತೇವೆ.